ಡ್ರಾಯರ್‌ನಲ್ಲಿದ್ದ ನಾಲ್ಕು ಗುಳಿಗೆ

ಮೂರನೇ ಸೆಮಿಸ್ಟರ್‌ನಲ್ಲಿ ನಮ್ಮ ರೂಮ್‌ಮೇಟ್‌ಗೆ ಜ್ವರ ಬಂತು. ಇಂಟರ್ನಲ್ಸ್ ಹತ್ತಿರ ಇತ್ತು. "ದವಾಖಾನಿ ಯಾಕಲೇ, ಗುಳಿಗಿ ನುಂಗಿದ್ರ ಹೋಗತೈತಿ" ಅಂದವರು ನಾವೇ. ಹಿಂದೆ ಯಾರಿಗೋ ಬರೆದುಕೊಟ್ಟಿದ್ದ ಆಂಟಿಬಯೋಟಿಕ್ ನಾಲ್ಕು ಉಳಿದಿದ್ದವು. ಎರಡು ದಿನ ನುಂಗಿಸಿದೆವು. ಜ್ವರ ಇಳಿದಂತೆ ಮಾಡಿ ಮತ್ತೆ ಏರಿತು.

ಐದನೇ ದಿನ ದವಾಖಾನೆಗೆ ಹೋದಾಗ ಡಾಕ್ಟರ್ ಮೊದಲು ಕೇಳಿದ್ದು, "ಏನರ ಗುಳಿಗಿ ತೊಗೊಂಡೀರೇನು?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಟೈಫಾಯಿಡ್ ಅನುಮಾನ ಅಂತ ಬ್ಲಡ್ ಕಲ್ಚರ್ ಮಾಡಿಸಿದರು. ಐದು ದಿನ ಬಿಟ್ಟು ರಿಪೋರ್ಟ್ ಬಂತು: ಏನೂ ಬೆಳೆದಿಲ್ಲ.

ಬೆಳೆದಿಲ್ಲ ಅಂದ್ರೆ ರೋಗಾಣು ಇಲ್ಲ ಅಂತಲ್ಲ. ಟೈಫಾಯಿಡ್‌ನಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ ಬ್ಯಾಕ್ಟೀರಿಯಾ ಸಿಗೋದೇ ಸಾಮಾನ್ಯವಾಗಿ ಒಂದರ ಆಸುಪಾಸು. ಅದಕ್ಕೇ ಲ್ಯಾಬ್‌ನವರು ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ಸುಮಾರು 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಬೆಳೆದರೆ 1884ರಲ್ಲಿ ಗ್ರಾಂ ಪ್ರಕಟಿಸಿದ ಬಣ್ಣದ ವಿಧಾನ: ನೇರಳೆಯಾದರೆ ಒಂದು ಗುಂಪು, ಗುಲಾಬಿಯಾದರೆ ಇನ್ನೊಂದು. ಟೈಫಾಯಿಡ್‌ನದು ಗುಲಾಬಿ ಬಣ್ಣದ ಕಡ್ಡಿ. ಇ. ಕೋಲಿಯೂ ಹಾಗೇ ಕಾಣುತ್ತದೆ. ಆದರೆ ಮ್ಯಾಕಾಂಕಿ ಅಗಾರ್ ತಟ್ಟೆಯಲ್ಲಿ ಇ. ಕೋಲಿ ಲ್ಯಾಕ್ಟೋಸ್ ತಿಂದು ಗುಲಾಬಿಯಾಗುತ್ತದೆ, ಟೈಫಾಯಿಡ್‌ನದು ತಿನ್ನದೆ ಬಣ್ಣವಿಲ್ಲದೆ ಉಳಿಯುತ್ತದೆ. ಮತ್ತಷ್ಟು ಪರೀಕ್ಷೆ ಮಾಡಿ ಹೆಸರು ಖಚಿತಪಡಿಸಿಕೊಂಡು, ಯಾವ ಔಷಧಕ್ಕೆ ಸಾಯುತ್ತದೆ ಅಂತಲೂ ನೋಡುತ್ತಾರೆ.

ನಮ್ಮ ನಾಲ್ಕು ಗುಳಿಗೆ ರೋಗ ವಾಸಿ ಮಾಡಲು ಸಾಲಲಿಲ್ಲ. ಬಾಟಲಿಯಲ್ಲಿ ರೋಗಾಣು ಬೆಳೆಯದಂತೆ ಮಾಡಲು ಅಷ್ಟೇ ಸಾಕಾಗಿರಬಹುದು. ಪ್ರೋಗ್ರಾಂ ಕ್ರ್ಯಾಶ್ ಆದರೆ ಮೊದಲು ಲಾಗ್ ನೋಡೋ ನಾವು, ಇಲ್ಲಿ ಲಾಗನ್ನೇ ಅಳಿಸಿಬಿಟ್ಟಿದ್ದೆವು. ಡಾಕ್ಟರ್ ಲಕ್ಷಣ ನೋಡಿ ಅಂದಾಜಿನ ಮೇಲೆ ಔಷಧ ಕೊಡಬೇಕಾಯಿತು. ಅವನು ಎರಡು ವಾರ ಮಲಗಿದ. ಎರಡು ಪೇಪರ್ ತಪ್ಪಿದವು.

ಟೈಫಾಯಿಡ್ ಬರೋದು ಕಲುಷಿತ ನೀರು, ಆಹಾರದಿಂದ. ಹುಬ್ಬಳ್ಳಿ-ಧಾರವಾಡದ ನಳದ ನೀರನ್ನೇ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಗಿದೆ. 24 ತಾಸು ನೀರು ಬರುವ ಕಡೆ ಶೇ 0.7ರಷ್ಟು ಮಾದರಿಗಳಲ್ಲಿ ಇ. ಕೋಲಿ ಸಿಕ್ಕಿತ್ತು, ಆಗಾಗ ಮಾತ್ರ ನೀರು ಬಿಡುವ ಕಡೆ ಶೇ 31.7ರಲ್ಲಿ. ಇ. ಕೋಲಿ ಅಂದ್ರೆ ನೀರಿಗೆ ಮಲ ಸೇರಿದೆ ಅನ್ನೋ ಸೂಚನೆ. ಅಂದ್ರೆ ಈ ಜ್ವರ ನಮ್ಮಿಂದ ದೂರದ್ದೇನಲ್ಲ.

ಈಗ ನಮ್ಮ ರೂಮಿನಲ್ಲಿ ಒಂದೇ ನಿಯಮ. ಜ್ವರ ಮೂರನೇ ದಿನಕ್ಕೆ ಹೋದರೆ ದವಾಖಾನೆ. ಡಾಕ್ಟರ್ ಹೇಳೋತನಕ ಆಂಟಿಬಯೋಟಿಕ್ ಇಲ್ಲ. ಬರೆದುಕೊಟ್ಟರೆ ಕೋರ್ಸ್ ಪೂರ್ತಿ. ಹಿಂಗಾಗಿ ಡ್ರಾಯರ್‌ನಲ್ಲಿ ಈಗ ಗುಳಿಗೆ ಉಳಿಯೋದೇ ಇಲ್ಲ. ನಿಮ್ಮ ಡ್ರಾಯರ್ ಒಮ್ಮೆ ತೆಗೆದು ನೋಡ್ರಿ.