ಎರಡನೆಯ ಶನಿವಾರ

ಗೋಡೆಯ ಮೇಲಿನ ಕ್ಯಾಲೆಂಡರನ್ನು ಜನ ನಾನಾ ಕಾರಣಗಳಿಗಾಗಿ ನೋಡುತ್ತಾರೆ. ನಮ್ಮ ತಾಯಿ ಏಕಾದಶಿಗಾಗಿ ನೋಡುತ್ತಾರೆ. ಹಾಲಿನವನು ತನ್ನ ಬಾಕಿಗಾಗಿ ನೋಡುತ್ತಾನೆ. ನಾನು ನೋಡುವುದು ಎರಡನೆಯ ಶನಿವಾರಕ್ಕಾಗಿ. ಪ್ರತಿ ತಿಂಗಳೂ ಆ ಒಂದು ಅಂಕಿಯ ಸುತ್ತ ಕೆಂಪು ಶಾಯಿಯ ಉಂಗುರವೊಂದು ಬೀಳುತ್ತದೆ.

ಕಾರಣ ಬಹಳ ಸರಳ. ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ನನ್ನ ಹೆಂಡತಿ ಧಾರವಾಡದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. 2015ರ ಸೆಪ್ಟೆಂಬರ್ 1ರಿಂದ ದೇಶದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ನಮ್ಮ ಕಾಲೇಜಿಗೆ ಎರಡನೆಯದು ಮಾತ್ರ. ಈ ಎರಡು ಪಂಚಾಂಗಗಳನ್ನು ಎದುರುಬದುರು ಇಟ್ಟು ಕೂಡಿ ಕಳೆದರೆ, ನಮ್ಮ ಸಂಸಾರಕ್ಕೆ ಉಳಿಯುವ ಶೇಷ ತಿಂಗಳಿಗೆ ಎರಡು ಹಗಲು, ಒಂದು ರಾತ್ರಿ.

ಹೆಂಡತಿ ಮನೆಯಲ್ಲಿಲ್ಲವೆಂದೊಡನೆ ಪರಿಚಿತರು ಕೇಳುವ ಪ್ರಶ್ನೆ ಒಂದೇ: “ತವರಿಗೆ ಹೋಗಿದ್ದಾರೆಯೇ?” ಅದರಲ್ಲಿಯೂ ಆಷಾಢ ಬಂತೆಂದರೆ ಆ ಪ್ರಶ್ನೆಗೆ ಎರಡು ಪಟ್ಟು ಬಲ ಬರುತ್ತದೆ. ಇಲ್ಲ, ಬಡ್ತಿಯ ಮೇಲೆ ವರ್ಗವಾಗಿ ಹೋಗಿದ್ದಾಳೆ ಎಂದರೆ ಅವರ ಮುಖದಲ್ಲಿ ಒಂದು ಬಗೆಯ ಅನುಕಂಪ ಮೂಡುತ್ತದೆ. ತವರಿಗೆ ಹೋದ ಹೆಂಡತಿಯ ಮೇಲೆ ಕನ್ನಡದಲ್ಲಿ ಎಷ್ಟೋ ಹಾಡುಗಳಿವೆ. ವರ್ಗವಾಗಿ ಹೋದ ಹೆಂಡತಿಯ ಮೇಲೆ, ನಾನು ಓದಿದ ಮಟ್ಟಿಗೆ, ಒಂದೂ ಇಲ್ಲ.

ಕಳೆದ ಆಷಾಢದಲ್ಲಿ ನಾನು ತರಗತಿಯಲ್ಲಿ ಕಾಳಿದಾಸನ ‘ಮೇಘದೂತ’ದ ವಿಷಯ ಹೇಳುತ್ತಿದ್ದೆ. ಒಡೆಯನ ಶಾಪದಿಂದ ಒಂದು ವರ್ಷ ರಾಮಗಿರಿಯಲ್ಲಿ ಸಿಕ್ಕಿಬಿದ್ದ ಯಕ್ಷ ಆಷಾಢದ ಮೋಡವನ್ನು ಕಂಡು, ದೂರದ ಅಲಕೆಯಲ್ಲಿರುವ ಹೆಂಡತಿಗೆ ಸಂದೇಶ ಕಳುಹಿಸುವ ಕಾವ್ಯ. ಅವಳು ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ರಾಗವನ್ನೇ ಮರೆತುಬಿಡುತ್ತಾಳಂತೆ. ಪಂಜರದ ಸಾರಿಕೆಯೊಡನೆ ಅವನ ಮಾತನ್ನೇ ಆಡುತ್ತಾಳಂತೆ. ಹೊಸ್ತಿಲ ಮೇಲೆ ಹೂಗಳನ್ನಿಟ್ಟು ಉಳಿದ ತಿಂಗಳುಗಳನ್ನು ಎಣಿಸುತ್ತಾಳಂತೆ. ನಾನು ಇದನ್ನೆಲ್ಲ ತಕ್ಕಮಟ್ಟಿಗೆ ಗದ್ಗದನಾಗಿಯೇ ವರ್ಣಿಸಿದೆ. ಆಗ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಇದನ್ನೆಲ್ಲ ನೋಡಿದವರು ಯಾರು?”

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ಹೊಳೆಯಲಿಲ್ಲ. ಗಂಟೆ ಬಾರಿಸಿ ನನ್ನ ಮಾನವನ್ನು ಉಳಿಸಿತು.

ಅಂದು ಶುಕ್ರವಾರ. ರಾತ್ರಿ ಊಟ ಮುಗಿಸಿ ರೈಲಿಗೆ ಹೊರಟೆ. ಕೈಚೀಲದಲ್ಲಿ ನಮ್ಮ ತಾಯಿ ಕೊಟ್ಟ ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿ. ಅವುಗಳ ಅಡಿಯಲ್ಲಿ ನಾನೇ ಬರೆದಿಟ್ಟುಕೊಂಡ ಒಂದು ಅರ್ಜಿ. ನನ್ನ ಹೆಂಡತಿ ತನ್ನ ಮೇಲಧಿಕಾರಿಗಳಿಗೆ ಸಲ್ಲಿಸಬೇಕಾದ ವರ್ಗಾವಣೆಯ ಅರ್ಜಿ ಅದು. ಇಂಗ್ಲಿಷಿಗೆ ಅವಳು ತಿರುಗಿಸಿಕೊಳ್ಳಲಿ, ಭಾವ ಮಾತ್ರ ನನ್ನದಿರಲಿ ಎಂದು ಎರಡು ರಾತ್ರಿ ಕುಳಿತು ಬರೆದಿದ್ದೆ. ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿರುವ ವಿವಾಹಿತ ಮಹಿಳಾ ನೌಕರರನ್ನು, ಅವರು ಕೇಳಿಕೊಂಡಲ್ಲಿ, ಸಾಧ್ಯವಾದ ಮಟ್ಟಿಗೆ ಗಂಡನಿರುವ ಊರಿನಲ್ಲಿಯೋ ಅದರ ಸಮೀಪದಲ್ಲಿಯೋ ಇರಿಸಬೇಕೆಂದು ಕೇಂದ್ರದ ಹಣಕಾಸು ಸಚಿವಾಲಯ 2014ರಲ್ಲಿಯೇ ಸೂಚಿಸಿದೆ. ಅದನ್ನೂ ಅರ್ಜಿಯಲ್ಲಿ ಕಾಣಿಸಿದ್ದೆ. ಹೊಸ್ತಿಲಲ್ಲಿ ತಾಯಿ ಹೇಳಿದರು: “ಈ ಸಲ ಸಹಿ ಹಾಕಿಸಿಕೊಂಡೇ ಬಾರೋ. ಒಂದೂವರೆ ವರ್ಷವಾಯಿತು ಕಣೋ, ಆ ಹುಡುಗಿ ಅಲ್ಲಿ ಒಬ್ಬಳೇ ಏನು ತಿಂತಾಳೋ, ಹೇಗಿರ್ತಾಳೋ.”

ನಿಜ ಹೇಳಬೇಕೆಂದರೆ ನನ್ನ ಕಲ್ಪನೆಯೂ ಅದೇ ಆಗಿತ್ತು. ಈ ಕಾಲದ ಯಕ್ಷನಿಗೆ ಮೋಡದ ಹಂಗಿಲ್ಲ. ಪ್ರತಿ ರಾತ್ರಿ ಒಂಬತ್ತಕ್ಕೆ ಮೊಬೈಲಿನ ಪುಟ್ಟ ಗಾಜಿನಲ್ಲಿ ಹೆಂಡತಿಯ ಮುಖ ಕಾಣುತ್ತದೆ. ಆದರೆ ಮುಖವಷ್ಟೇ ಕಾಣುತ್ತದೆ, ಅವಳ ದಿನ ಕಾಣುವುದಿಲ್ಲ. ಕಾಣದ ಆ ಭಾಗವನ್ನು ನಾನು ವೀಣೆ, ಸಾರಿಕೆ, ಹೊಸ್ತಿಲ ಹೂಗಳಿಂದ ತುಂಬಿಕೊಂಡಿದ್ದೆ. ಅದುವರೆಗೆ ಎರಡನೆಯ ಶನಿವಾರಗಳಲ್ಲಿ ಹೋದಾಗಲೂ ಕಲ್ಪನೆ ಕದಲಿರಲಿಲ್ಲ. ಏಕೆಂದರೆ ನಾನು ಹೋಗುತ್ತಿದ್ದುದು ಅವಳಿಗೆ ಸಮಾಧಾನ ಹೇಳುವುದಕ್ಕೆ, ನೋಡುವುದಕ್ಕಲ್ಲ.

ಹಾಸನ, ಅರಸೀಕೆರೆಗಳ ಮೇಲೆ ಸಾಗುವ ಆ ರಾತ್ರಿಯ ರೈಲಿನಲ್ಲಿ ನಿದ್ದೆ ಬರುವುದು ಕಷ್ಟ. ಹರಿಹರ ದಾಟುತ್ತಲೇ ಸೇತುವೆಯ ಸದ್ದು ಬದಲಾಯಿತು. ಕೆಳಗೆ ಕತ್ತಲಲ್ಲಿ ತುಂಗಭದ್ರೆ. 1956ರ ನವೆಂಬರ್ 1ರವರೆಗೆ ಈ ದಡ ಮೈಸೂರಿಗೆ ಸೇರಿತ್ತು, ಆ ದಡ ಮುಂಬಯಿಗೆ. ಎರಡು ದಡಗಳ ಕನ್ನಡಿಗರನ್ನು ಒಂದುಗೂಡಿಸಲು ಎಷ್ಟೊಂದು ಮಂದಿ ಹಿರಿಯರು ಬೆವರು ಸುರಿಸಿದರು. ಒಂದುಗೂಡಿದ ನಾಡಿನಲ್ಲಿ ಗಂಡ ಈ ದಡದಲ್ಲಿ, ಹೆಂಡತಿ ಆ ದಡದಲ್ಲಿ! ಹೀಗೆ ನನ್ನ ದುಃಖಕ್ಕೆ ಚರಿತ್ರೆಯ ಸಾಕ್ಷಿಯನ್ನೂ ಸೇರಿಸಿಕೊಂಡು ಮಗ್ಗುಲು ಬದಲಿಸಿದೆ. ಬೆಳಗಾದ ಮೇಲೆ ಹುಬ್ಬಳ್ಳಿ ಬಂತು. 2023ರಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರಂ 1,507 ಮೀಟರು ಉದ್ದ. ಜಗತ್ತಿನಲ್ಲೇ ಅತಿ ಉದ್ದವಾದದ್ದೆಂದು ಹೆಸರಾಯಿತು. ಇನ್ನು ಸುಮಾರು 20 ಕಿಲೋಮೀಟರು ಮಾತ್ರ ಉಳಿದಿರುವ ಗಂಡಸಿಗೆ ಅದು ಮುಗಿಯುವುದೇ ಇಲ್ಲವೆನ್ನಿಸಿದರೆ ತಪ್ಪು ಯಾರದು?

ಧಾರವಾಡದಲ್ಲಿ ಜಿಟಿಜಿಟಿ ಮಳೆ. ಅವಳು ಕೊಡೆ ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಟೋದವನ ಕಡೆ ತಿರುಗಿ, “ಏನ್ರೀ ಅಣ್ಣಾರ, ಸಾಧನಕೇರಿ ಕಡೆ ಬರ್ತೀರೇನು? ಅಷ್ಟ್ ಯಾಕ್ರೀ, ಭಾಳ ಆತು” ಎಂದಳು. ನಾನು ದಂಗಾದೆ. ಭಾಷಾವಿಜ್ಞಾನದ ಪಾಠದಲ್ಲಿ ಧಾರವಾಡ ಕನ್ನಡದ ಲಕ್ಷಣಗಳನ್ನು ಹಲಗೆಯ ಮೇಲೆ ಬರೆದು ತೋರಿಸುವವನು ನಾನು. ಆದರೆ ಅದನ್ನಾಡಿ ಹತ್ತು ರೂಪಾಯಿ ಇಳಿಸುವವಳು ಅವಳು.

ಮನೆಯ ಒಡತಿ ಹಿರಿಯ ವಯಸ್ಸಿನವರು. ನನ್ನ ಹೆಂಡತಿ ಅವರನ್ನು ಆಯಿ ಎನ್ನುತ್ತಾಳೆ. “ಬರ್ರಿ ಅಳಿಯಂದ್ರ, ನೀರು ಕಾದಾವ, ಮೊದಲ ಜಳಕಾ ಮಾಡ್ರಿ” ಎಂದು ಉಪಚರಿಸಿದರು. ಜಳಕ ಮುಗಿಸಿ, ಕಾಫಿಯನ್ನು ನಾನೇ ಮಾಡುವೆನೆಂದು ಅಡಿಗೆಮನೆ ಹೊಕ್ಕೆ. ಮೂರು ಡಬ್ಬ ತೆರೆದೆ. ಒಂದರಲ್ಲಿ ಶೇಂಗಾ ಚಟ್ನಿ, ಒಂದರಲ್ಲಿ ಗುರೆಳ್ಳು ಚಟ್ನಿ, ಇನ್ನೊಂದರಲ್ಲಿ ಜೋಳದ ಹಿಟ್ಟು. “ಸಕ್ಕರೆ ಎಲ್ಲಿದೆ?” ಎಂದು ಕೂಗಿ ಕೇಳಬೇಕಾಯಿತು. ಕೇಳಿದ ಮೇಲೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ನನ್ನ ಹೆಂಡತಿಯ ಮನೆಯಲ್ಲಿ ನಾನು ಅತಿಥಿ. ಏನು ತಿನ್ನುತ್ತಾಳೋ ಎಂದು ನಾವು ಮರುಗುತ್ತಿದ್ದವಳು ರೊಟ್ಟಿ ತಟ್ಟುವುದನ್ನು ಕಲಿತಿದ್ದಳು. ಮೇಜಿನ ಮೇಲೆ ವೀಣೆಯಿರಲಿಲ್ಲ. ಅಂಚುಗಳಲ್ಲಿ ಅವಳ ಕೈಬರಹದ ಟಿಪ್ಪಣಿಗಳಿದ್ದ ಸುತ್ತಲ ಹಳ್ಳಿಗಳ ನಕ್ಷೆಯೊಂದಿತ್ತು.

ಸಂಜೆ ಮಳೆ ನಿಂತ ಮೇಲೆ ಸಾಧನಕೇರಿಯ ದಂಡೆಯಲ್ಲಿ ಅಡ್ಡಾಡಿದೆವು. ಎದುರಿಗೆ ಬೇಂದ್ರೆಯವರು ಬಾಳಿದ ಮನೆ. ‘ಮೇಘದೂತ’ವನ್ನು ಕನ್ನಡಕ್ಕೆ ತಂದವರೂ ಅವರೇ, ದಾಂಪತ್ಯದ ಬೇವು ಬೆಲ್ಲವನ್ನೆಲ್ಲ ಹೇಳುವ ‘ಸಖೀಗೀತ’ವನ್ನು ಬರೆದವರೂ ಅವರೇ. ಅರ್ಜಿಯ ಮಾತೆತ್ತಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಉಂಟೆ ಎಂದುಕೊಂಡೆ. ಆದರೆ ಮಾತು ಗಂಟಲಿನಿಂದ ಮೇಲೇಳಲಿಲ್ಲ. ಅಲ್ಲಿಂದ ಪೇಡೆ ಕೊಳ್ಳಲು ಲೈನ್ ಬಜಾರಿಗೆ ಹೋದೆವು.

ಅಲ್ಲಿ ಹೆಂಗಸೊಬ್ಬಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಸಂತೆಯ ಚೀಲ, ದೂರದಿಂದಲೇ ಕೂಗಿಕೊಂಡು ಬಂದಳು: “ಮೇಡಮ್ಮಾರ, ನಿಮ್ಮ ಎಮ್ಮಿ ಕರಾ ಹಾಕೈತ್ರಿ! ಹೆಣ್ಣು ಕರಾ!”

ನಾನು ಹೆಂಡತಿಯ ಮುಖ ನೋಡಿದೆ. ನಮಗೆ ಎಮ್ಮೆಯಿರುವ ಸಂಗತಿ ನನಗೆ ತಿಳಿದಿರಲಿಲ್ಲ. ಅವಳು ನಗುತ್ತ ವಿವರಿಸಿದಳು: ಬ್ಯಾಂಕಿನ ಸಾಲದಲ್ಲಿ ಮಹಿಳಾ ಸ್ವಸಹಾಯ ಸಂಘದವರು ಕೊಂಡ ಎಮ್ಮೆಗಳಲ್ಲಿ ಅದೊಂದು. ಕಾಗದಪತ್ರ ಸರಿಯಿಲ್ಲವೆಂದು ಎರಡು ಸಲ ಹಿಂದಕ್ಕೆ ಹೋಗಿದ್ದ ಅರ್ಜಿಯನ್ನು ಇವಳೇ ಹಳ್ಳಿಗೆ ಹೋಗಿ ಕುಳಿತು ಸರಿಮಾಡಿಸಿದ್ದಳಂತೆ. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವರು ಯಜಮಾನ್ರೇನ್ರಿ? ಚೊಲೋ ಆತು. ಸಾಹೇಬ್ರ, ಮೇಡಮ್ಮಾರನ್ನ ಇಷ್ಟ ಲಗೂನ ಕರಕೊಂಡು ಹೋಗಬ್ಯಾಡ್ರಿ. ಇನ್ನೂ ಮೂರು ಮಂದಿದು ಕಾಗದ ಅರ್ಧಕ್ಕ ಅದಾವ” ಎಂದಳು. ನನ್ನ ಕೈಚೀಲದೊಳಗಿನದು ಅವಳಿಗೆ ಹೇಗೆ ತಿಳಿಯಿತೋ ಎಂದು ಒಂದು ಕ್ಷಣ ಗಾಬರಿಯಾಯಿತು. ಮೈಸೂರಿನಲ್ಲಿ ನನ್ನ ಹೆಂಡತಿ ಮೇಷ್ಟರ ಹೆಂಡತಿ. ಇಲ್ಲಿ ನಾನು ಮೇಡಮ್ಮಾರ ಯಜಮಾನ.

ರಾತ್ರಿ ಊಟವಾದ ಮೇಲೆ ಅವಳು ಒಂದು ಕಾಗದ ಹಿಡಿದು ಬಂದು ಎದುರಿಗೆ ಕುಳಿತಳು. ಚಟ್ನಿಪುಡಿ ತೆಗೆಯುವಾಗಲೇ ಅದು ಅವಳ ಕೈಗೆ ಸಿಕ್ಕಿತ್ತು.

“ರೀ, ‘ವಿರಹಾಗ್ನಿ’ ಎಂದು ಬರೆದಿದ್ದೀರಿ. ನಮ್ಮ ವಲಯ ಕಚೇರಿಯವರು ಅಗ್ನಿಶಾಮಕಕ್ಕೆ ಕಳಿಸಿಯಾರು” ಎಂದಳು.

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಇಲ್ಲಿ ‘ಅವರು ಕೇಳಿಕೊಂಡಲ್ಲಿ’ ಎಂದಿದೆಯಲ್ಲ. ನೀವು ನನ್ನನ್ನು ಕೇಳಲೇ ಇಲ್ಲ.”

ನಾನು ಸುಮ್ಮನಿದ್ದೆ. ಪದಗಳ ಅರ್ಥ ಹೇಳುವುದೇ ನನ್ನ ಹೊಟ್ಟೆಪಾಡು. ನಾನೇ ಬರೆದ ಎರಡು ಪದಗಳನ್ನು ನಾನು ಓದಿರಲಿಲ್ಲ.

“ಬಂದ ಹೊಸದರಲ್ಲಿ ಬಹಳ ಅತ್ತೆ” ಎಂದು ಅವಳು ಮೆಲ್ಲಗೆ ಮಾತು ಮುಂದುವರಿಸಿದಳು. “ಆಮೇಲೆ ಅಳು ಬರಲಿಲ್ಲ. ಬರಲಿಲ್ಲವೆಂದು ನಿಮಗೆ ಹೇಳಲು ಹೆದರಿಕೆಯಾಯಿತು. ಇಲ್ಲಿ ಚೆನ್ನಾಗಿದ್ದೇನೆ ಎಂದರೆ, ನೀವಿಲ್ಲದೆ ಚೆನ್ನಾಗಿದ್ದೇನೆ ಎಂದು ಕೇಳಿಸೀತು. ನೀವು ಬರುವ ದಿನ ನನಗೆ ಹಬ್ಬ. ನೀವು ರೈಲು ಹತ್ತಿದ ರಾತ್ರಿ ಅಡಿಗೆಮನೆಯ ದೀಪವನ್ನೂ ಹಾಕುವುದಿಲ್ಲ. ನಡುವಿನ ದಿನಗಳು ಚೆನ್ನಾಗಿರುತ್ತವೆ. ಈ ಮೂರೂ ನಿಜ. ಒಂದಕ್ಕಾಗಿ ಇನ್ನೊಂದನ್ನು ಸುಳ್ಳು ಎನ್ನಲಾರೆ.”

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹೊರಗೆ ಮತ್ತೆ ಮಳೆ ಹಿಡಿಯಿತು. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಮರುಗಿಕೊಂಡು ಬಂದವನಿಗೆ, ಮರುಕ ಬೇಕಾಗಿಲ್ಲವೆಂದು ತಿಳಿದಾಗ ಆಗುವ ಒಂದು ಬಗೆಯ ಅವಮಾನ ಅದು. ಆದರೆ ಅದರ ಹಿಂದೆಯೇ ಒಂದು ಹಗುರವೂ ಬಂತು. ಒಂದೂವರೆ ವರ್ಷ ನಾನು ಹೊತ್ತುಕೊಂಡು ತಿರುಗಿದ್ದ ಆ ಅಳುವ ಹೆಂಗಸು ಎಲ್ಲಿಯೂ ಇರಲಿಲ್ಲ. ಎದುರಿಗೆ ಕುಳಿತಿದ್ದವಳು ನನ್ನ ಹೆಂಡತಿ.

“ಹಾಗಾದರೆ ಏನು ಮಾಡೋಣ?” ಎಂದು ಕೇಳಿದೆ. ಮೊದಲ ಸಲ ಕೇಳಿದ್ದು.

ಅವಳು ಒಳಗೆ ಹೋಗಿ ಪೆನ್ನು ತಂದಳು. ‘ವಿರಹಾಗ್ನಿ’ಯನ್ನು ಹೊಡೆದುಹಾಕಿದಳು; ಕೆಳಗೆ ಸಹಿ ಮಾಡಿದಳು; ದಿನಾಂಕದ ಜಾಗವನ್ನು ಖಾಲಿ ಬಿಟ್ಟಳು. “ಹಿಡಿದ ಕೆಲಸ ಒಂದು ಹದಕ್ಕೆ ಬರಲಿ. ದಿನಾಂಕ ನಾನು ಹಾಕುತ್ತೇನೆ. ಹಾಕದೆ ಇರುವುದಿಲ್ಲ” ಎಂದು ಅದನ್ನು ತನ್ನ ಕಡತದಲ್ಲಿ ಇಟ್ಟುಕೊಂಡಳು.

ಭಾನುವಾರ ರಾತ್ರಿ ರೈಲು ಹತ್ತಿದೆ. ಸೋಮವಾರ ತರಗತಿಯಲ್ಲಿ ಆ ಹುಡುಗಿಗೆ ಉತ್ತರ ಹೇಳಿದೆ: “ಯಾರೂ ನೋಡಿಲ್ಲಮ್ಮ. ಅಲಕೆಯಲ್ಲಿ ಅವಳು ಹೇಗಿದ್ದಾಳೆಂದು ಹೇಳುವವನು ಯಕ್ಷನೊಬ್ಬನೇ. ಅದು ಅವನ ಪ್ರೀತಿ, ಅವಳ ವರದಿಯಲ್ಲ. ಕಾಳಿದಾಸ ಅದನ್ನು ಬಲ್ಲವನಾದುದರಿಂದಲೇ ಅಷ್ಟನ್ನೂ ಯಕ್ಷನ ಬಾಯಲ್ಲಿ ಇಟ್ಟ.” ಹುಡುಗಿ ಅದನ್ನು ಬರೆದುಕೊಂಡಳು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಹೇಳಲಿಲ್ಲ.

ಮನೆಯಲ್ಲಿ ತಾಯಿಯ ಪ್ರಶ್ನೆ ಕಾದಿತ್ತು: “ಸಹಿ ಹಾಕಿದಳೇನೋ?”

“ಹಾಕಿದಳಮ್ಮ. ದಿನಾಂಕ ಇನ್ನೂ ಹಾಕಿಲ್ಲ.” ಎಲ್ಲವನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿದರು; ಕೊನೆಯಲ್ಲಿ, “ಎಮ್ಮೆ ಹೆಣ್ಣು ಕರುವನ್ನೇ ಹಾಕಿತೇನು?” ಎಂದರು. ಮುಂದಿನ ನಾಲ್ಕನೆಯ ಶನಿವಾರಕ್ಕೆ ಅವಳೇ ಇಲ್ಲಿಗೆ ಬರುತ್ತಾಳೆಂದೂ ತಿಳಿಸಿ, ನಾನು ಅಡಿಗೆಮನೆಗೆ ಹೋದೆ. ಈ ಒಂದೂವರೆ ವರ್ಷದಲ್ಲಿ ಅಲ್ಲಿಯ ಡಬ್ಬಗಳೆಲ್ಲ ತಾಯಿಯ ಅನುಕೂಲಕ್ಕೆ ತಕ್ಕಂತೆ ಜಾಗ ಬದಲಿಸಿದ್ದವು.

“ಅಮ್ಮಾ, ಸಕ್ಕರೆ ಡಬ್ಬ ಒಂದನ್ನು ಮಾತ್ರ ಅವಳು ಇಟ್ಟಿದ್ದ ಕಡೆಯೇ ಇಡೋಣ” ಎಂದೆ.

ಏಕೆಂದು ಅವರು ಕೇಳಲಿಲ್ಲ. ಡಬ್ಬವನ್ನು ಒರೆಸಿ, ಎಡಗಡೆಯ ಮೇಲಿನ ತಟ್ಟಿನಲ್ಲಿ ಇಟ್ಟರು.