ಕಾಳು ಯಾರ ಮನೆಗೆ?

ನನ್ನ ಸಂಶೋಧನೆಯ ವಿಷಯ ಏನು ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತಿದ್ದೆ. ‘ಮಧ್ಯಯುಗದ ನೀತಿ ಚಿಂತನೆ ಮತ್ತು ವಿಪತ್ತು ನಿರ್ವಹಣೆ’ ಎಂದಾಗ ಶಹಾಪುರದ ನಮ್ಮ ಮಾಮು ಚಹಾದ ಕಪ್ಪು ಕೆಳಗಿಟ್ಟು ನಕ್ಕಿದ್ದರು. “ಹೊಳಿ ಬಂದಾಗ ದೋಣಿ ಬೇಕಾಗ್ತದ ಬೇಟಾ, ಕಿತಾಬು ತಗೊಂಡು ಏನ್ ಮಾಡ್ತಿ?”

ಮಾಮು ಹೇಳಿದ್ದು ಸುಳ್ಳಲ್ಲ. ಸುರಪುರ ತಾಲೂಕಿನಲ್ಲಿ ಕೃಷ್ಣಾ ನದಿಯ ನಡುವೆ ನೀಲಕಂಠರಾಯನಗಡ್ಡಿ ಎಂಬ ಪುಟ್ಟ ನಡುಗಡ್ಡೆಯ ಊರಿದೆ. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಕಾಯಿಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಅಣ್ಣತಮ್ಮಂದಿರ ಆಸರೆಯಲ್ಲಿ ತುಂಬಿದ ಹೊಳೆಯನ್ನು ಈಜಿ ದಡ ಸೇರಿದರು. ಹೆರಿಗೆಗೆ ಆಸ್ಪತ್ರೆ ಬೇಕಿತ್ತು, ಆಸ್ಪತ್ರೆ ಆಚೆ ದಡದಲ್ಲಿತ್ತು. ಪತ್ರಿಕೆಗಳು ಆಕೆಯ ಧೈರ್ಯವನ್ನು ಕೊಂಡಾಡಿದವು. ನನಗೆ ಮಾತ್ರ ಬೇರೊಂದು ಪ್ರಶ್ನೆ ಕಾಡಿತು. ಹೊಳೆ ತುಂಬುವುದು ಪ್ರತಿ ವರ್ಷದ ಮಾತು. ಹಾಗಿದ್ದೂ ಆ ಹೆಣ್ಣುಮಗಳು ನೀರಿಗೆ ಇಳಿಯಬೇಕಾದದ್ದು ಹೊಳೆಯ ತಪ್ಪೇ? ಇದಕ್ಕೆ ಉತ್ತರ ಹುಡುಕುವಾಗ ಕಿತಾಬು ಬೇಕಾಗುತ್ತದೆ.

ಈ ಪ್ರಶ್ನೆಯನ್ನು ಆರುನೂರು ವರ್ಷಗಳ ಹಿಂದೆಯೇ ಕೈರೋದಲ್ಲಿ ಒಬ್ಬರು ಕೇಳಿದ್ದರು. ಅವರು ಅಲ್-ಮಕ್ರೀಝಿ. ಕೆಲಕಾಲ ಅವರು ಆ ನಗರದ ಮುಹ್ತಸಿಬ್ ಆಗಿದ್ದರು, ಅಂದರೆ ಪೇಟೆಯ ತೂಕ, ಬೆಲೆ, ವ್ಯವಹಾರಗಳ ಮೇಲೆ ಕಣ್ಣಿಡುವ ಅಧಿಕಾರಿ. ನೈಲ್ ನದಿಯ ನೀರು ಇಳಿದು ಈಜಿಪ್ಟ್ ಬರದಿಂದ ಕಂಗೆಟ್ಟಾಗ, 1405ರಲ್ಲಿ ಕ್ಷಾಮಗಳ ಬಗೆಗೇ ಒಂದು ಚಿಕ್ಕ ಗ್ರಂಥ ಬರೆದರು. ನೀರು ಕಡಿಮೆಯಾದದ್ದು ನಿಜ, ಆದರೆ ಸಂಕಟ ಇಷ್ಟು ಬೆಳೆದದ್ದು ನೀರಿನಿಂದಲ್ಲ ಎಂಬುದು ಅವರ ವಾದ. ಲಂಚ ಕೊಟ್ಟು ಹುದ್ದೆ ಹಿಡಿಯುವವರು, ರೈತನ ಮೇಲೆ ಏರುತ್ತಲೇ ಹೋದ ಭೂಮಿಯ ಗೇಣಿ, ಬೆಲೆಯಿಲ್ಲದ ತಾಮ್ರದ ನಾಣ್ಯ, ಈ ಮೂರನ್ನು ಅವರು ಬೊಟ್ಟು ಮಾಡಿ ತೋರಿಸಿದರು. ಎಲ್ಲವನ್ನೂ ‘ಅಲ್ಲಾಹನ ಇಚ್ಛೆ’ ಎಂದು ಹೇಳಿ ಕೈ ತೊಳೆದುಕೊಳ್ಳುವವರಿಗೆ ಒಬ್ಬ ಆಲಿಮರೇ ಕೊಟ್ಟ ಉತ್ತರವಿದು.

ಅವರು ಬರೆಯುತ್ತಿದ್ದ ಹೊತ್ತಿಗೆ ನಮ್ಮ ದಖ್ಖನಿನಲ್ಲೂ ಜನ ಹಸಿವಿನಿಂದ ಸಾಯುತ್ತಿದ್ದರು. 1396ರಲ್ಲಿ ಶುರುವಾದ ‘ದುರ್ಗಾದೇವಿ ಬರ’ ಹನ್ನೆರಡು ವರ್ಷ ಕಾಡಿತೆಂದು ಜನರ ನೆನಪು ಹೇಳುತ್ತದೆ. ಅದಕ್ಕೆ ಕೆಲವೇ ವರ್ಷ ಮೊದಲು ಇನ್ನೊಂದು ಬರ ಬಿದ್ದಿತ್ತು. ಆಗ ಗುಲ್ಬರ್ಗದಲ್ಲಿ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಷಾ ಆಳುತ್ತಿದ್ದ (1378-1397). ಶಹಾಪುರದ ಪಕ್ಕದ ಸಗರ ಅವನ ರಾಜ್ಯದ ಮುಖ್ಯ ಠಾಣೆಗಳಲ್ಲಿ ಒಂದು. ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫರಿಶ್ತಾ ಹೇಳುವಂತೆ, ಸುಲ್ತಾನ ಸರಕಾರದ ಖರ್ಚಿನಲ್ಲಿ ಎತ್ತುಗಳ ಹಿಂಡನ್ನೇ ಮಾಳವ ಮತ್ತು ಗುಜರಾತಿಗೆ ಓಡಾಡಿಸಿ, ಅಲ್ಲಿಂದ ಕಾಳು ತರಿಸಿ ಅಗ್ಗದ ಬೆಲೆಗೆ ಮಾರಿಸಿದ. ಅನಾಥ ಮಕ್ಕಳಿಗೆ ಗುಲ್ಬರ್ಗ, ಬೀದರ್ ಮುಂತಾದ ಕಡೆ ಶಾಲೆ ತೆರೆದ.

ಇದನ್ನು ಓದಿದ ದಿನ ನಾನು ಹಿಗ್ಗಿದ್ದೆ. ‘ನಮ್ಮವರು’ ಆಗಲೇ ವಿಪತ್ತು ನಿರ್ವಹಣೆ ಮಾಡಿದ್ದರು ಎಂದು ಪ್ರಬಂಧದಲ್ಲಿ ದೊಡ್ಡದಾಗಿ ಬರೆಯಬಹುದಿತ್ತು, ಬರೆದೂ ಬಿಟ್ಟೆ. ಆಮೇಲೆ 1928ರ ಕೇಂಬ್ರಿಜ್ ಇತಿಹಾಸದ ಸಂಪುಟ ತೆರೆದೆ. ವುಲ್ಸ್‌ಲಿ ಹೇಗ್ ಅದೇ ಎತ್ತುಗಳ, ಅದೇ ಕಾಳಿನ ಕಥೆ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದ್ದ: ಆ ಅಗ್ಗದ ಕಾಳು ಮುಸಲ್ಮಾನರಿಗೆ ಮಾತ್ರ.

ನಾನು ಪುಸ್ತಕ ಮುಚ್ಚಿಬಿಟ್ಟೆ. ‘ಇಂಗ್ಲಿಷರು ಹೀಗೆಯೇ ಬರೆಯುತ್ತಾರೆ, ಒಡೆದು ಆಳಿದವರಲ್ಲವೇ’ ಎಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗುವುದು ಸುಲಭವಾಗಿತ್ತು. ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಆದರೆ ನಾನು ಓದುತ್ತಿದ್ದುದು ನೀತಿ ಚಿಂತನೆ. ಶರೀಅತ್ತಿನ ಉದ್ದೇಶಗಳನ್ನು ಹೇಳುವಾಗ ಇಮಾಮ್ ಗಝ್ಝಾಲಿ ಐದನ್ನು ಎಣಿಸುತ್ತಾರೆ: ಧರ್ಮ, ಪ್ರಾಣ, ಬುದ್ಧಿ, ಸಂತತಿ, ಸಂಪತ್ತು, ಇವುಗಳ ರಕ್ಷಣೆ. ಈ ತಕ್ಕಡಿಯಲ್ಲಿ ಬೇರೆಯವರನ್ನು ತೂಗುವ ನಾನು ನಮ್ಮ ಸುಲ್ತಾನನನ್ನು ತೂಗದೆ ಬಿಟ್ಟರೆ ಅದು ಎಂಥ ನ್ಯಾಯ? ಹೇಗ್ ಬರೆದದ್ದು ನಿಜವಾಗಿದ್ದರೆ, ಹಸಿದ ಕಬ್ಬಲಿಗನ, ಹೊಲೆಯನ, ಲಿಂಗಾಯತನ ಪ್ರಾಣ ಆ ಎತ್ತುಗಳ ಲೆಕ್ಕಕ್ಕೆ ಬರಲೇ ಇಲ್ಲ ಎಂದಾಯಿತು.

ಗಝ್ಝಾಲಿಯವರ ಶತಮಾನದಲ್ಲೇ ಸುರಪುರ ತಾಲೂಕಿನ ಮುದನೂರಿನಲ್ಲಿ ದೇವರ ದಾಸಿಮಯ್ಯನಿದ್ದ. ನೇಯ್ದು ಬದುಕಿದವನು. ಶಿವನಿಂದ ಅವನಿಗೆ ತವನಿಧಿ, ಎಂದರೆ ಎಷ್ಟು ತೆಗೆದರೂ ಮುಗಿಯದ ಕಾಳಿನ ನಿಧಿ, ಸಿಕ್ಕಿತ್ತೆಂದು ಪುರಾಣ ಹೇಳುತ್ತದೆ. ಕೊಡುವವನು ನಾನು ಎಂಬ ಗರ್ವ ಸುಳಿದಾಗ ಆ ನಿಧಿಯೂ ಬತ್ತಿತಂತೆ. ಮುದನೂರಿನ ಈ ಕಥೆ ಕಾಳು ಎಷ್ಟಿದೆ ಎನ್ನುವುದಕ್ಕಿಂತ ಕೊಡುವ ಕೈ ಹೇಗಿದೆ ಎಂದು ನೋಡುತ್ತದೆ.

ಇಂದು ನಮ್ಮಲ್ಲಿ ಕಾನೂನು ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಮು, ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮ ನೋಡಿ ಭೇದ ಮಾಡಬಾರದು ಎನ್ನುತ್ತದೆ. ಸುಲ್ತಾನನ ಕಾಲ ಮುಗಿಯಿತೆಂದು ನಿಟ್ಟುಸಿರು ಬಿಡಬಹುದು. 2019ರ ಆಗಸ್ಟಿನ ಪ್ರವಾಹ ಇಳಿದ ಮೇಲೆ ನಾನೂ ಹಾಗೆಯೇ ಅಂದುಕೊಂಡು ಹೊಳೆದಂಡೆಯ ಒಂದು ಊರಿಗೆ ಹೋಗಿದ್ದೆ. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪಟ್ಟಿ ಮಾಡಿದ್ದರು. ಒಬ್ಬ ಮುದುಕಿಯ ಮನೆ ಪಟ್ಟಿಯಲ್ಲಿರಲಿಲ್ಲ. ಮಗ ಸೊಸೆ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸ. ಮೊಮ್ಮಗುವನ್ನು ನೋಡಿಕೊಳ್ಳಲು ಈಕೆಯೂ ಹೋಗಿದ್ದಳು. ಸರ್ವೆಗೆ ಬಂದವರು ಬೀಗ ಕಂಡು ಮುಂದೆ ಹೋದರು.

“ಗ್ವಾಡಿ ಬಿದ್ದದ್ದು ಎಲ್ಲಾರೂ ನೋಡ್ಯಾರ. ನೀವು ಊರಾಗ ಇದ್ದಿಲ್ಲ ಅಂತ ಬರ್ಕೊಂಡಿಲ್ಲ. ನಾವು ಇದ್ದಿಲ್ಲಂದ್ರ ಮನಿ ಇದ್ದಿಲ್ಲೇನಪ್ಪಾ?”

ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲಿ ಯಾರೂ ಆಕೆಯ ಜಾತಿ ಕೇಳಿರಲಿಲ್ಲ, ಧರ್ಮ ಕೇಳಿರಲಿಲ್ಲ. ಕಲಮಿನ ಒಂದಕ್ಷರವನ್ನೂ ಮೀರಿರಲಿಲ್ಲ. ಆದರೂ ಪಟ್ಟಿಯ ಹೊರಗೆ ಉಳಿದವಳು ಬಡತನಕ್ಕಾಗಿ ಊರು ಬಿಟ್ಟವಳೇ. ನೆರವು ಯಾರಿಗೆ ಹೆಚ್ಚು ಬೇಕಿತ್ತೋ ಅವರ ಬಾಗಿಲಿಗೇ ಬೀಗ ಬಿದ್ದಿತ್ತು. ಯಾದಗಿರಿ ಜಿಲ್ಲೆಯಲ್ಲಿ ಅಂಥ ಬೀಗಗಳು ಎಷ್ಟು ಊರಲ್ಲಿಲ್ಲ! ಆರುನೂರು ವರ್ಷದ ಹಿಂದಿನ ಕಾಳಿನ ಚೀಲವನ್ನು ದೂರುವ ನಾವು ನಮ್ಮ ಪಟ್ಟಿಗಳನ್ನೂ ಅದೇ ತಕ್ಕಡಿಗೆ ಹಾಕಬೇಕು.

ಪ್ರಬಂಧದ ಆ ಅಧ್ಯಾಯವನ್ನು ತಿದ್ದಿದೆ. ಫರಿಶ್ತಾನ ಹೊಗಳಿಕೆಯನ್ನೂ ಹೇಗ್‌ನ ಮಾತನ್ನೂ ಒಂದೇ ಪುಟದಲ್ಲಿ ಇಟ್ಟೆ. ಶಹಾಪುರಕ್ಕೆ ಹೋದಾಗ ಮಾಮುಗೆ ಎಲ್ಲವನ್ನೂ ಹೇಳಿದೆ. ಈ ಸಲ ಅವರು ನಗಲಿಲ್ಲ. ಸುಲ್ತಾನನ ಬಗ್ಗೆಯೂ ಏನೂ ಅನ್ನಲಿಲ್ಲ.

“ಆ ಅಮ್ಮನ ಹೆಸರು ಈಗರ ಬರ್ಕೊಂಡಾರೇನು?” ಎಂದರು.

ಇಲ್ಲ ಎಂದೆ. ಮಾಮು ಅಂಗಡಿಯ ಹುಡುಗನಿಗೆ ಬಿಳಿ ಹಾಳೆ ತರಲು ಹೇಳಿದರು. ಆ ದಿನ ನಾನು ಬರೆದದ್ದು ಪ್ರಬಂಧದ ಪುಟವಲ್ಲ, ಒಂದು ಅರ್ಜಿ.