ಹೊರಗೆ ನಿಂತವರು ಇಟ್ಟ ಹೆಸರು

ಹಳೆಯ ಇಂಗ್ಲಿಷ್ ಧರ್ಮಚರ್ಚೆಗಳಲ್ಲಿ ‘ಐಡೊಲೊಲಾಟ್ರಿ’ ಎಂಬ ಪದ ಅಪರೂಪಕ್ಕೆ ಕಾಣಸಿಗುತ್ತದೆ. ಅರ್ಥ, ವಿಗ್ರಹಾರಾಧನೆ. ಈಗ ಬಳಕೆಯಲ್ಲಿರುವ ‘ಐಡಾಲಟ್ರಿ’ಯಲ್ಲಿ ನಡುವಿನ ‘ಲೊ’ ಇಲ್ಲ. ಹಳೆಯ ರೂಪವೇ ಅಚ್ಚಿನ ತಪ್ಪೆಂದು ತೋರಬಹುದು. ಆದರೆ ಮೂಲಕ್ಕೆ ಹತ್ತಿರವಿರುವುದು ಅದೇ. ಗ್ರೀಕಿನಲ್ಲಿ ‘ಐಡೊಲೊನ್’ ಎಂದರೆ ಆಕೃತಿ, ‘ಲಾಟ್ರೈಯಾ’ ಎಂದರೆ ಸೇವೆ. ಎರಡೂ ಕೂಡಿದ ಮೇಲೆ ಒತ್ತೊತ್ತಾಗಿ ಬಂದ ಎರಡು ಲಕಾರಗಳಲ್ಲಿ ಒಂದು ಲ್ಯಾಟಿನ್ನಿನ ದಾರಿಯಲ್ಲಿ ಸವೆದುಹೋಯಿತು.

ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕ್ರಿ.ಶ. 200ರ ಆಸುಪಾಸಿನಲ್ಲಿ ಇದೇ ಹೆಸರಿನ ಪುಸ್ತಕ ಬರೆದ. ವಿಗ್ರಹ ಮಾಡುವವನ ಜೊತೆಗೆ ಗುಡಿಯ ಧೂಪ ಮಾರುವವನೂ, ಹಳೆಯ ದೇವತೆಗಳ ಕಥೆ ಕಲಿಸುವ ಮೇಷ್ಟರೂ ಅವನ ಕಣ್ಣಿಗೆ ತಪ್ಪಿತಸ್ಥರೇ. ಆದರೆ 787ರಲ್ಲಿ ನೈಸಿಯಾದಲ್ಲಿ ಸೇರಿದ ಕ್ರೈಸ್ತ ಮಹಾಸಭೆ ಸಂತರ ಚಿತ್ರಗಳ ಮುಂದೆ ಧೂಪ ಹಾಕಲು, ದೀಪ ಹಚ್ಚಲು ಒಪ್ಪಿತು. ‘ಲಾಟ್ರೈಯಾ’ ದೇವರೊಬ್ಬನಿಗೇ, ಚಿತ್ರಕ್ಕೆ ಸಲ್ಲಿಸುವ ಗೌರವ ಚಿತ್ರದಲ್ಲಿರುವವರಿಗೆ ಮುಟ್ಟುತ್ತದೆ ಎಂದಿತು. ಚಿತ್ರಗಳನ್ನು ಒಡೆದು, ಅವುಗಳ ಭಕ್ತರನ್ನು ಹಿಂಸಿಸಿದ ದಶಕಗಳು ಕಳೆದ ಮೇಲೆ ಬಂದ ವಿವೇಕ ಇದು. ಆ ವಿವೇಕ ಪರರ ಗುಡಿಯ ಬಾಗಿಲಿಗೂ ಬರಬೇಕಿತ್ತು. ಬರಲಿಲ್ಲ. ಇಂಗ್ಲಿಷ್ ಪಾದ್ರಿಗಳು ನಮ್ಮ ದೇಶಕ್ಕೆ ಬಂದಾಗ ‘ಐಡಾಲಟ್ರಿ’ ಎಂಬ ಪದ ಬೈಗುಳವಾಗಿಯೇ ಬಂತು: ಇವರು ಕಲ್ಲನ್ನೇ ದೇವರೆಂದು ನಂಬಿದವರು.

ಹಾಗೆಂದವರು ನಮ್ಮ ಕರಾವಳಿಯ ಒಂದು ದೇವಸ್ಥಾನದ ಜೀರ್ಣೋದ್ಧಾರವನ್ನು ಹತ್ತಿರ ನಿಂತು ನೋಡಬೇಕಿತ್ತು. ಗರ್ಭಗುಡಿ ಬಿಚ್ಚುವ ಮೊದಲು ತಂತ್ರಿಗಳು ಮೂರ್ತಿಯಲ್ಲಿರುವ ದೇವಕಳೆಯನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕಲಶಕ್ಕೆ ಇಳಿಸುತ್ತಾರೆ. ಪಕ್ಕದಲ್ಲಿ ಕಟ್ಟಿದ ಪುಟ್ಟ ಬಾಲಾಲಯಕ್ಕೆ ಆ ಸಾನ್ನಿಧ್ಯ ಹೋಗುತ್ತದೆ. ಅಲ್ಲಿಯೇ ನಿತ್ಯಪೂಜೆ, ನೈವೇದ್ಯ. ತಲೆಮಾರುಗಳಿಂದ ಕೈಮುಗಿಸಿಕೊಂಡ ಮೂಲಮೂರ್ತಿಗೆ ಆಗ ಆರತಿಯಿಲ್ಲ, ಹೂವಿಲ್ಲ. ಕಲ್ಲೇ ದೇವರೆಂದು ನಂಬಿದ್ದರೆ ಇದು ಸಾಧ್ಯವಿತ್ತೇ? ಹಾಗೆಂದು ಕಲ್ಲು ಬರಿಯ ಗುರುತೂ ಅಲ್ಲ. ಗುರುತಾಗಿದ್ದರೆ ಕಳೆಯನ್ನು ಇಳಿಸಿ ಮತ್ತೆ ಏರಿಸುವ ಇಷ್ಟೊಂದು ಜತನ ಯಾರಿಗೆ ಬೇಕಿತ್ತು! ಕೆಲಸ ಮುಗಿದು ಮೂರ್ತಿ ಪೀಠಕ್ಕೆ ಬಂದ ಮೇಲೆ, ಅದರ ಬುಡಕ್ಕೆ ಕುಟ್ಟಿ ಹದಮಾಡಿದ ಅಷ್ಟಬಂಧವೆಂಬ ಅಂಟನ್ನು ಮೆತ್ತುತ್ತಾರೆ. ಕಳೆ ಮೂರ್ತಿಗೆ ಮರಳುತ್ತದೆ, ಬ್ರಹ್ಮಕಲಶದ ಅಭಿಷೇಕವಾಗುತ್ತದೆ. ಊರವರು ಅಂದಿನಿಂದ ಮತ್ತೆ ಅಲ್ಲಿಯೇ ಹರಕೆ ಹೇಳಿಕೊಳ್ಳುತ್ತಾರೆ.